ಬೇಚರಾಕ್ ಊರಿನ ಖಬರಸ್ಥಾನ



ಮದೀನಾದ ಮಸೀದಿಯ ಕಸ ಗುಡಿಸುತ್ತಿದ್ದ ಒಬ್ಬ ಬಡ ಮಹಿಳೆಯ ಸಂಗತಿ ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಮ್ ಎರಡರಲ್ಲೂ ಬಂದಿದೆ. ಆಕೆ ತೀರಿಕೊಂಡಾಗ ಸಹಾಬಿಗಳು ಅದನ್ನು ದೊಡ್ಡ ವಿಷಯವೆಂದು ಎಣಿಸದೆ, ಪ್ರವಾದಿವರ್ಯರಿಗೆ (ಸ) ತಿಳಿಸದೆಯೇ ದಫನ್ ಮಾಡಿಬಿಟ್ಟರು. ಆಕೆ ಕಾಣದಿದ್ದಾಗ ಪ್ರವಾದಿವರ್ಯರು (ಸ) ವಿಚಾರಿಸಿದರು. ತಮಗೇಕೆ ತಿಳಿಸಲಿಲ್ಲ ಎಂದು ಕೇಳಿ, ಆಕೆಯ ಖಬರ್ ಎಲ್ಲಿದೆ ತೋರಿಸಿ ಎಂದರು. ಅಲ್ಲಿಗೆ ಹೋಗಿ ಆಕೆಗಾಗಿ ನಮಾಝ್ ನಿರ್ವಹಿಸಿದರು.

ಈ ಹದೀಸನ್ನು ನಾವು ಎಷ್ಟೋ ಸಲ ಮಿಂಬರ್ ಮೇಲೆ ನಿಂತು ಹೇಳಿದ್ದೇವೆ. ಆದರೆ ‘ಖಬರ್ ಎಲ್ಲಿದೆ’ ಎಂಬ ಪ್ರಶ್ನೆ ನಮ್ಮ ಬಾಗಿಲಿಗೇ ಬರುವವರೆಗೆ ಅದರ ತೂಕ ನಮಗೆ ತಿಳಿದಿರಲಿಲ್ಲ.

ನಾವು ಇಮಾಮತ್ ಮಾಡುತ್ತಿರುವುದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮೂರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಪಕ್ಕದ ಊರಿನಿಂದ ಒಂದು ಮಯ್ಯತ್ ಟ್ರ್ಯಾಕ್ಟರಿನಲ್ಲಿ ಬಂತು. ಆ ಊರಿನಲ್ಲಿ ನಮ್ಮವರ ಮನೆಗಳು ಎಂಟೇ ಎಂಟು. ಅಲ್ಲಿ ಖಬರಸ್ಥಾನವಿಲ್ಲ. ಎರೆಮಣ್ಣಿನ ದಾರಿಯಲ್ಲಿ ಗಾಲಿ ಹೂತು, ಅಸರ್‌ಗೆ ಹೊರಟವರು ನಮ್ಮ ಊರು ಮುಟ್ಟಿದ್ದು ಇಶಾ ಆದ ಮೇಲೆ. ದಫನ್ ಮುಗಿಸಿ ಕೈ ತೊಳೆಯುವಾಗ ಮೃತಳ ತಮ್ಮ, ಎಪ್ಪತ್ತು ದಾಟಿದ ಹಿರಿಯ, ಹೇಳಿದ ಮಾತು ಇದು: “ಮೌಲಾನಾ, ನಮ್ಮೂರಾಗೂ ಒಂದು ಖಬರಸ್ಥಾನ ಇತ್ತಂತ ನಮ್ಮಪ್ಪ ಹೇಳ್ತಿದ್ದ. ಎಲ್ಲಿ ಅಂತ ಕೇಳಿ ಇಟಗೊಳ್ಳಲಿಲ್ಲ ನೋಡ್ರಿ.”

ಕೇಳಿ ಇಟ್ಟುಕೊಳ್ಳಲಿಲ್ಲ. ಖಬರಸ್ಥಾನಗಳು ಕಳೆದುಹೋಗುವುದು ಹೀಗೆಯೇ. ಒಂದು ತಲೆಮಾರು ಹೇಳುವುದನ್ನು ಬಿಡುತ್ತದೆ, ಮುಂದಿನ ತಲೆಮಾರು ಕೇಳುವುದನ್ನು ಬಿಡುತ್ತದೆ.

ಆ ನಂತರ ನಮ್ಮ ಜಮಾಅತಿನ ನಾಲ್ಕೈದು ಮಂದಿ ಸೇರಿ ಹುಡುಕಾಟ ಆರಂಭಿಸಿದೆವು. ಹಳೆಯ ಕಾಗದಪತ್ರ ನೋಡುತ್ತಾ ಹೋದಂತೆ ಒಂದು ಪದ ಮತ್ತೆ ಮತ್ತೆ ಎದುರಾಯಿತು: ಬೇಚರಾಕ್. ಜನವಸತಿ ಇಲ್ಲದ ಗ್ರಾಮಕ್ಕೆ ಕಂದಾಯ ದಾಖಲೆಗಳಲ್ಲಿ ಇಂದಿಗೂ ಇದೇ ಹೆಸರು. ಇದು ಪಾರಸಿಯ ‘ಬೇ ಚಿರಾಗ್’, ಎಂದರೆ ದೀಪವಿಲ್ಲದ್ದು. ಸಂಜೆ ದೀಪ ಹಚ್ಚುವ ಒಂದು ಮನೆಯೂ ಉಳಿಯದ ಊರು ಎಂದು ಅರ್ಥ. ಊರಿನ ದೀಪ ಆರಿದರೂ ಅದರ ಸೀಮೆ, ಸರ್ವೆ ನಂಬರು, ಹೆಸರು ಕಾಗದದಲ್ಲಿ ಉಳಿಯುತ್ತವೆ. ಮಣ್ಣಿನಲ್ಲಿ ಅಲ್ಲಿನ ಸತ್ತವರು ಉಳಿಯುತ್ತಾರೆ.

ನಮ್ಮ ಸೀಮೆಯಲ್ಲಿ ಊರುಗಳ ದೀಪ ಆರಿದ್ದಕ್ಕೆ ಕಾರಣಗಳು ಅನೇಕ. ಸುಮಾರು ಎರಡು ಶತಮಾನ ಆಳಿದ ಆದಿಲ್‌ಶಾಹಿ ರಾಜ್ಯ 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಸೋತಿತು. ರಾಜಧಾನಿಯ ಆಶ್ರಯ ನಂಬಿದ್ದ ಸಿಪಾಯಿಗಳು, ಕುಶಲಕರ್ಮಿಗಳು, ಅವರಿಗೆ ಕಾಳುಕಡಿ ಒದಗಿಸುತ್ತಿದ್ದ ಸುತ್ತಲ ಪೇಟೆಗಳು ಚೆದುರಿಹೋದವು. ಇತಿಹಾಸಕಾರರು ಬುರುಡೆಗಳ ಬರ ಎಂದು ಕರೆಯುವ 1791-92ರ ಕ್ಷಾಮದಲ್ಲಿ ಹೂಳುವವರೇ ಇಲ್ಲದಂತಾಯಿತು. 1876-78ರ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಪ್ರದೇಶ ಮುಂಬೈ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಭಾಗಗಳಲ್ಲೊಂದಾಗಿತ್ತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಉತ್ತರ ಕರ್ನಾಟಕಕ್ಕೂ ಹಬ್ಬಿದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ನಮ್ಮ ಕಾಲದಲ್ಲೇ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಕೃಷ್ಣಾ ತೀರದ ಎಷ್ಟೋ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ಬದುಕಿದ್ದವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಸತ್ತವರನ್ನು ಕರೆದೊಯ್ಯಲು ಯಾರಿಂದಲೂ ಆಗಲಿಲ್ಲ.

ಇನ್ನೊಂದು ಕಾರಣ ನಮ್ಮ ದೀನಿನ ಸರಳತೆಯಲ್ಲೇ ಇದೆ. ಖಬರ್‌ಗೆ ಗಾರೆ ಹಚ್ಚುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ಪ್ರವಾದಿವರ್ಯರು (ಸ) ತಡೆದರು. ನೆಲಕ್ಕಿಂತ ಒಂದು ಗೇಣು ಎತ್ತರದ ಮಣ್ಣಿನ ದಿಬ್ಬ ಸಾಕು. ಹತ್ತಾರು ಮಳೆಗಾಲ ಕಳೆದರೆ ಆ ದಿಬ್ಬ ನೆಲಸಮವಾಗುತ್ತದೆ. ಹಾಗೆಂದು ಗುರುತೇ ಬೇಡ ಎಂದು ದೀನ್ ಹೇಳಿಲ್ಲ. ಹಝ್ರತ್ ಉಸ್ಮಾನ್ ಬಿನ್ ಮಝ್‌ಊನ್ (ರ) ಅವರನ್ನು ದಫನ್ ಮಾಡಿದಾಗ ಪ್ರವಾದಿವರ್ಯರು (ಸ) ತೋಳೇರಿಸಿ ಸ್ವತಃ ಒಂದು ಕಲ್ಲನ್ನು ಹೊತ್ತು ತಂದು ತಲೆಯ ಬಳಿ ಇಟ್ಟರೆಂದು ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ತಮ್ಮ ಸಹೋದರನ ಖಬರ್ ಗುರುತಿರಲಿ, ಮನೆಯವರನ್ನು ಮುಂದೆ ಅಲ್ಲೇ ದಫನ್ ಮಾಡುವಂತಾಗಲಿ ಎಂಬುದು ಉದ್ದೇಶ. ಒಂದೇ ಒಂದು ಕಲ್ಲು. ಆಡಂಬರವೂ ಅಲ್ಲ, ಮರೆವೂ ಅಲ್ಲ.

ಆ ಕಲ್ಲುಗಳನ್ನು ಓದಲು ಕಲಿಯಬೇಕು. ನಮ್ಮ ಭಾಗದಿಂದ ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿಕೊಂಡು ಇದೆ. ಆದ್ದರಿಂದ ನಮ್ಮವರ ಖಬರ್‌ಗಳು ಉತ್ತರ-ದಕ್ಷಿಣವಾಗಿ ಉದ್ದಕ್ಕಿರುತ್ತವೆ. ತಲೆ ಉತ್ತರಕ್ಕೆ, ಮುಖ ಕಿಬ್ಲಾದ ಕಡೆಗೆ. ಕ್ರೈಸ್ತರ ಸಮಾಧಿಗಳು ಸಾಮಾನ್ಯವಾಗಿ ಪೂರ್ವ-ಪಶ್ಚಿಮವಾಗಿರುತ್ತವೆ. ಲಿಂಗಾಯತರು ಕುಳ್ಳಿರಿಸಿ ಸಮಾಧಿ ಮಾಡುವುದರಿಂದ ಅವರ ಗದ್ದುಗೆಗಳು ಹೆಚ್ಚಾಗಿ ಚೌಕಾಕಾರದವು. ವೀರಗಲ್ಲುಗಳು ನಿಂತಿರುತ್ತವೆ, ಅವುಗಳ ಮೇಲೆ ಚಿತ್ರಗಳಿರುತ್ತವೆ. ದಖ್ಖನಿನ ಹಳೆಯ ಕಲ್ಲಿನ ಗೋರಿಗಳಲ್ಲಿ ಇನ್ನೂ ಒಂದು ಗುರುತು ಉಂಟು: ಗಂಡಸರ ಗೋರಿಯ ಮೇಲೆ ಕಲಮ್‌ದಾನದಂತೆ ಉದ್ದಕ್ಕೆ ಉಬ್ಬಿದ ದಿಂಡು, ಹೆಂಗಸರದು ಹಲಗೆಯಂತೆ ಸಪಾಟು.

ವಿಜಯಪುರ ನಗರದ ಹೊರಗೆ ಸಾಠ್ ಖಬರ್ ಎಂಬ ಜಾಗವಿದೆ. ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಅರವತ್ತಕ್ಕೂ ಹೆಚ್ಚು ಗೋರಿಗಳು. ಅವುಗಳ ಮೇಲ್ಕಲ್ಲು ಸಪಾಟು, ಅಂದರೆ ಹೆಂಗಸರ ಗೋರಿಗಳು. 1659ರಲ್ಲಿ ಯುದ್ಧಕ್ಕೆ ಹೊರಟ ಅಫ್ಜಲ್ ಖಾನ್ ತನ್ನ ಪತ್ನಿಯರನ್ನು ಕೊಲ್ಲಿಸಿದ ಎಂದು ಜನ ಹೇಳುವ ಕಥೆಯನ್ನು ನೀವೂ ಕೇಳಿರಬಹುದು. ನೋಡಲು ಬಂದವರೆಲ್ಲ ಖಾನನ ಹೆಸರು ಹೇಳಿ ಹೋಗುತ್ತಾರೆ. ಅಲ್ಲಿ ಮಲಗಿರುವ ಒಬ್ಬ ಹೆಣ್ಣುಮಗಳ ಹೆಸರನ್ನೂ ಯಾರೂ ಹೇಳುವುದಿಲ್ಲ. ಅಲ್ಲಿಗೆ ಹೋದಾಗ ಕಥೆ ಹೇಳುವುದಕ್ಕಿಂತ ಮೊದಲು ಅವರಿಗೆ ಸಲಾಂ ಹೇಳಿ, ದುಆ ಮಾಡಿ.

ಕಲ್ಲೂ ಉಳಿಯದ ಕಡೆ ಕಾಗದ ಮಾತಾಡುತ್ತದೆ. ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದ ನಡುಭಾಗದಲ್ಲಿ ಮುಂಬೈ ಪ್ರಾಂತ್ಯದ ಕಂದಾಯ ಸರ್ವೆ ಹೊಲಹೊಲವನ್ನೂ ಅಳೆದು ನಂಬರು ಕೊಟ್ಟಿತು. ಇನಾಮು ಜಮೀನುಗಳ ಹಕ್ಕು ತಪಾಸಣೆಗೆ 1852ರಲ್ಲಿ ಇನಾಂ ಕಮಿಷನ್ ಕಾಯ್ದೆ ಬಂತು. ಖಾಜಿ, ಮುಲ್ಲಾಗಳ ಇನಾಮು ಜಮೀನಿನ ಉಲ್ಲೇಖವಿದ್ದರೆ ಅಲ್ಲಿ ಒಂದು ಕಾಲಕ್ಕೆ ಮಸೀದಿಯೂ ಜಮಾಅತೂ ಇದ್ದವೆಂದು ತಿಳಿಯಬಹುದು. ಸರ್ವೆ ಇಲಾಖೆಯ ಗ್ರಾಮ ನಕ್ಷೆ, ಟಿಪ್ಪಣಿ, ಆಕಾರಬಂದ್, ಕೈಬರಹದ ಹಳೆಯ ಪಹಣಿ ಇವನ್ನು ನೋಡಬೇಕು. ಸಾಗುವಳಿಗೆ ಬಾರದ ಖರಾಬು ಜಮೀನಿನಲ್ಲಿ ಅ ಮತ್ತು ಬ ಎಂದು ಎರಡು ಬಗೆ. ದಾರಿ, ಹಳ್ಳ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗದವು ಬ ಖರಾಬಿನಲ್ಲಿ ಬರುತ್ತವೆ. 1954ರ ವಕ್ಫ್ ಕಾಯ್ದೆಯಡಿ ಸರ್ವೆ ನಡೆದು ಮುಂದೆ ಪ್ರಕಟವಾದ ಗೆಜೆಟ್‌ಗಳನ್ನೂ ಹುಡುಕಬೇಕು. ಇವೆಲ್ಲಕ್ಕೂ ಅರ್ಜಿ ಹಾಕಿ ನಕಲು ಪಡೆಯಬಹುದು. ಬೇಕಾದದ್ದು ತಾಳ್ಮೆ.

ಆ ಎಂಟು ಮನೆಗಳ ಊರಿನ ವಿಷಯಕ್ಕೆ ಬರೋಣ. ಹಳೆಯ ನಕ್ಷೆಯಲ್ಲಿ ಊರಿನ ಈಶಾನ್ಯಕ್ಕೆ, ಹಳ್ಳದ ಆಚೆ, ಒಂದು ಸರ್ವೆ ನಂಬರಿನೊಳಗೆ ಖಬರಸ್ಥಾನದ ಗುರುತು ಸಿಕ್ಕಿತು. ಹೋಗಿ ನೋಡಿದರೆ ಜೋಳದ ಹೊಲ. ನಡುವೆ ಬೇವಿನ ಮರಗಳು, ಜಾಲಿ ಮುಳ್ಳು, ಉಳುಮೆಯಾಗದ ಒಂದು ತುಂಡು. ಹೊಲದ ಯಜಮಾನರು ಲಿಂಗಾಯತರು. ನಾವು ಅಳುಕುತ್ತಲೇ ಮಾತು ತೆಗೆದೆವು. ಅವರು ನಕ್ಕು ಹೇಳಿದರು: “ನಮ್ಮ ಮುತ್ಯಾ ಸಾಯೋ ಮುಂದ ಹೇಳ್ಯಾನ್ರಿ, ಅಲ್ಲಿ ಮಂದಿ ಮಲಗ್ಯಾರ, ನೇಗಿಲ ಹಾಕಬ್ಯಾಡ ಅಂತ. ಯಾರ ಮಂದಿ ಅಂತ ನಮಗೂ ಗೊತ್ತಿರಲಿಲ್ಲ. ನೀವಾ ಬರಬೇಕಿತ್ತು, ಬಂದ್ರಿ.” ಮುಳ್ಳು ಸರಿಸಿದಾಗ ಉತ್ತರ-ದಕ್ಷಿಣವಾಗಿ ಸಾಲು ಹಿಡಿದ ಕಲ್ಲುಗಳು ಕಂಡವು. ಆ ಹಿರಿಯ ಸಹೋದರ ಅಲ್ಲಿಯೇ ಕುಳಿತು ಅತ್ತರು.

ಸಹೋದರರೇ, ನಮ್ಮ ಮಕ್ಕಳೇ ಮರೆತದ್ದನ್ನು ಬೇರೆ ಸಮುದಾಯದ ಒಬ್ಬ ಅಜ್ಜ ನೆನಪಿಟ್ಟ. ಯಾವ ಕಾನೂನೂ ಕೇಳದೆ, ಮೂರು ತಲೆಮಾರು ಆ ಮನೆ ಅಮಾನತ್ತನ್ನು ಕಾಯ್ದುಕೊಂಡು ಬಂತು. ಇದಕ್ಕೆ ನಾವು ಕೃತಜ್ಞರಾಗಿರಬೇಕು.

ಹುಡುಕುವವನ ಮೇಲೆಯೂ ಒಂದು ಅಮಾನತ್ತು ಇದೆ. ಇನ್ನೊಂದು ಊರಿನಲ್ಲಿ ನಮ್ಮ ಹುಡುಗರು ಒಂದು ಕಲ್ಲುಗುಂಪನ್ನು ನೋಡಿ ಇದು ನಮ್ಮದೇ ಎಂದು ಉತ್ಸಾಹದಿಂದ ಊರೆಲ್ಲ ಹೇಳಿದರು. ನಾವೂ ಪರಿಶೀಲಿಸದೆ ತಲೆಯಾಡಿಸಿದ್ದೆವು. ಆಮೇಲೆ ಊರಿನ ಹಿರಿಯರೊಂದಿಗೆ ಕುಳಿತು ನೋಡಿದಾಗ ಅವು ಚೌಕದ ಗದ್ದುಗೆಗಳು, ಬೇರೆಯವರ ಪೂರ್ವಜರು. ಜುಮಾ ನಂತರ ಎಲ್ಲರ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಒಂದು ಗೇಣು ನೆಲವನ್ನು ಅನ್ಯಾಯವಾಗಿ ತೆಗೆದುಕೊಂಡವನ ಕೊರಳಿಗೆ ಅಂತ್ಯದಿನದಲ್ಲಿ ಏಳು ಭೂಮಿಗಳ ಹೊರೆ ಬೀಳುವುದೆಂದು ಹದೀಸಿನಲ್ಲಿ ಎಚ್ಚರಿಸಲಾಗಿದೆ. ಖಬರಸ್ಥಾನದ ಹೆಸರಿನಲ್ಲಿ ತೆಗೆದುಕೊಂಡರೆ ಆ ಹೊರೆ ಹಗುರವಾಗುವುದಿಲ್ಲ.

ತಪ್ಪು ಬರಹ ಎಷ್ಟು ಕೇಡು ಮಾಡುತ್ತದೆಂಬುದಕ್ಕೆ ನಮ್ಮ ಜಿಲ್ಲೆಯ ಹೊನವಾಡವೇ ಸಾಕ್ಷಿ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ 1,200 ಎಕರೆ ವಕ್ಫ್‌ಗೆ ಸೇರಿದೆ ಎಂಬ ಮಾತು ಹಬ್ಬಿ ರೈತರು ಕಂಗಾಲಾದರು. ರಾಜ್ಯವೆಲ್ಲ ಗದ್ದಲವಾಯಿತು. 1974ರ ಗೆಜೆಟ್‌ನಲ್ಲಿ ವಿಜಯಪುರದ ಮಹಲ್ ಬಾಗಾಯತ್‌ನ ಜೊತೆ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲೇ ಅದನ್ನು ತಿದ್ದಲಾಗಿತ್ತು, ಅಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ ಎಂದು ಜಿಲ್ಲಾ ಉಸ್ತುವಾರಿ ಸಚಿವರು ವಿವರಣೆ ಕೊಟ್ಟರು. ಆ 11 ಎಕರೆಯಲ್ಲಿ ಬಹುಪಾಲು ಖಬರಸ್ಥಾನವೇ. ಒಂದು ಊರಿನ ಹೆಸರು ತಪ್ಪಾದದ್ದರಿಂದ ರೈತನ ನಿದ್ದೆಯೂ ಕೆಟ್ಟಿತು, ನಿಜವಾದ ಖಬರಸ್ಥಾನದ ಮೇಲೂ ಅನುಮಾನ ಬಿತ್ತು. ಸರಿಯಾಗಿ ಗುರುತಿಸುವುದು ಇಬ್ಬರಿಗೂ ನ್ಯಾಯ.

ಹಿಂದೆಲ್ಲ ಬಹುಕಾಲದ ಬಳಕೆಯೇ ವಕ್ಫ್‌ಗೆ ಆಧಾರವಾಗುತ್ತಿತ್ತು. 2025ರ ತಿದ್ದುಪಡಿ ಕಾಯ್ದೆ ಆ ಆಧಾರವನ್ನು ವ್ಯಾಖ್ಯೆಯಿಂದ ತೆಗೆದಿದೆ. ಅದಕ್ಕೆ ಮೊದಲೇ ನೋಂದಣಿಯಾದವುಗಳಿಗೆ ಮಾತ್ರ, ವಿವಾದವಿಲ್ಲದಿದ್ದು ಸರ್ಕಾರಿ ಜಮೀನೂ ಅಲ್ಲದಿದ್ದರೆ, ರಕ್ಷಣೆ ಇಟ್ಟಿದೆ. ಇನ್ನು ಮುಂದೆ ‘ನಮ್ಮಜ್ಜ ಹೇಳ್ತಿದ್ದ’ ಎಂಬ ಮಾತೊಂದರಿಂದಲೇ ಸಾಗದು.

ಆದ್ದರಿಂದ ಪ್ರತಿ ಮನೆಯಲ್ಲೂ ಈ ಕೆಲಸ ಆಗಬೇಕು. ಅಜ್ಜ ಅಜ್ಜಿಯರನ್ನು ಮಕ್ಕಳು ಕೇಳಲಿ: ಯಾರನ್ನು ಎಲ್ಲಿ ದಫನ್ ಮಾಡಿದಿರಿ, ಯಾವ ಮರದ ಬಳಿ, ಆ ಹೊಲಕ್ಕೆ ಏನೆನ್ನುತ್ತಿದ್ದರು? ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ. ಸ್ಥಳಕ್ಕೆ ಹೋಗುವಾಗ ಹೊಲದವರ ಅನುಮತಿ ಕೇಳಿ, ಊರಿನ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಅಗೆಯಬೇಡಿ, ಕಲ್ಲು ಕದಲಿಸಬೇಡಿ, ಖಬರ್ ಮೇಲೆ ಕೂರಬೇಡಿ. ಸಿಕ್ಕ ಮೇಲೆ ಗುಂಬಜ್ ಕಟ್ಟಿ ಉರುಸು ಆರಂಭಿಸಬೇಡಿ. ಜಮಾಅತ್ತಿನಲ್ಲಿ ದಫನ್ ದಫ್ತರ ಇಡಿ. ಹೆಸರು, ತಂದೆಯ ಹೆಸರು, ತಾರೀಖು, ಸಾಲು ಬರೆಯಿರಿ. ಹೆಂಗಸರ ಹೆಸರನ್ನೂ ಬರೆಯಿರಿ.

ಆ ಊರಿನ ತುಂಡು ನೆಲದ ಅಳತೆಗೆ ಅರ್ಜಿ ಹಾಕಿದ್ದೇವೆ. ಹೊಲದ ಯಜಮಾನರೂ ಸಹಿ ಮಾಡಿದ್ದಾರೆ. ಅಳತೆ ಇನ್ನೂ ಆಗಿಲ್ಲ. ಕಳೆದ ಮಳೆಗಾಲದಲ್ಲೂ ಒಂದು ಮಯ್ಯತ್ ಅಲ್ಲಿಂದ ನಮ್ಮ ಊರಿಗೇ ಬಂತು. ಆದರೆ ಈಗ ಆ ಎಂಟು ಮನೆಗಳ ಮಕ್ಕಳು ಶುಕ್ರವಾರ ಹಳ್ಳ ದಾಟಿ ಹೋಗಿ, ಹೆಸರು ತಿಳಿಯದ ಆ ಹಿರಿಯರಿಗೆ ಸಲಾಂ ಹೇಳಿ ಬರುತ್ತಾರೆ.

ನಾಳೆ ನಮ್ಮ ಖಬರ್‌ನ ದಿಬ್ಬವೂ ನೆಲಸಮವಾಗುವುದು. ಯಾರು ಮರೆತರೂ ಅಲ್ಲಾಹನು ಮರೆಯುವುದಿಲ್ಲ. ಗುರುತಿರುವ ಮತ್ತು ಗುರುತಿಲ್ಲದ ಖಬರ್‌ಗಳಲ್ಲಿರುವ ಎಲ್ಲ ವಿಶ್ವಾಸಿ ಪುರುಷರನ್ನೂ ಸ್ತ್ರೀಯರನ್ನೂ ಅವನು ಕ್ಷಮಿಸಲಿ, ದೀಪವಿಲ್ಲದ ಅವರ ನೆಲೆಗಳನ್ನು ತನ್ನ ಕರುಣೆಯಿಂದ ಬೆಳಗಲಿ, ಅವರ ಅಮಾನತ್ತನ್ನು ಪ್ರಾಮಾಣಿಕವಾಗಿ ಕಾಯುವ ಶಕ್ತಿಯನ್ನು ನಮಗೆ ಕರುಣಿಸಲಿ. ಆಮೀನ್.