ಟ್ರೋಬ್ರಿಯಂಡ್ ದ್ವೀಪವಾಸಿಗಳು: ಸತ್ತವರ ಲೋಕ, ಸತ್ತವರ ಭಾಷೆ

ಪಾಪುವಾ ನ್ಯೂಗಿನಿಯ ಪೂರ್ವ ತುದಿಯ ಉತ್ತರಕ್ಕೆ, ಸೊಲೊಮನ್ ಸಮುದ್ರದಲ್ಲಿ ಹರಡಿರುವ ಹವಳದ ದ್ವೀಪಸಮೂಹವೇ ಟ್ರೋಬ್ರಿಯಂಡ್. ಇವುಗಳಲ್ಲಿ ಕಿರಿವಿನಾ ಅತಿ ದೊಡ್ಡದು. ಇಲ್ಲಿನ ಭಾಷೆ ಕಿಲಿವಿಲಾ. ಆಸ್ಟ್ರೋನೇಷ್ಯನ್ ಕುಟುಂಬಕ್ಕೆ ಸೇರಿದ ಇದನ್ನಾಡುವವರು 20,000ಕ್ಕೂ ಹೆಚ್ಚು.

ಎಣಿಕೆಯ ಕ್ರಮವೇ ಈ ಭಾಷೆಯ ವೈಶಿಷ್ಟ್ಯ. ಕನ್ನಡದಲ್ಲಿ ಮನುಷ್ಯರಿಗೆ ‘ಇಬ್ಬರು’, ಉಳಿದುದಕ್ಕೆ ‘ಎರಡು’ ಎನ್ನುವಷ್ಟಕ್ಕೇ ಭೇದ ಮುಗಿಯುತ್ತದೆ. ಕಿಲಿವಿಲಾದಲ್ಲಾದರೋ ಎಣಿಸುವ ವಸ್ತುವಿನ ವರ್ಗಕ್ಕೆ ತಕ್ಕಂತೆ ಸಂಖ್ಯಾಪದದ ಆದಿಯೇ ಬದಲಾಗುತ್ತದೆ. ಒಬ್ಬ ಗಂಡಸು ‘ತೆತಾಲ’, ಒಬ್ಬ ಹೆಂಗಸು ‘ನತಾಲ’, ಒಂದು ದೋಣಿ ‘ಕೆತಾಲ’. ಇಂತಹ ವರ್ಗಸೂಚಕಗಳು ನೂರಕ್ಕೂ ಮಿಕ್ಕಿವೆ.

ಇವರ ಮರಣೋತ್ತರ ನಂಬಿಕೆಗಳನ್ನು ಹೊರಜಗತ್ತಿಗೆ ಮೊದಲು ವಿಸ್ತಾರವಾಗಿ ತಿಳಿಸಿದವನು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ; ಆತನ ಪ್ರಬಂಧ ಪ್ರಕಟವಾದದ್ದು 1916ರಲ್ಲಿ. ಅದರ ಪ್ರಕಾರ, ಸತ್ತವನ ‘ಕೋಸಿ’ ಎಂಬ ಛಾಯೆ ಕೆಲದಿನ ಊರಿನ ಸುತ್ತ ಅಲೆದು ಇಲ್ಲವಾಗುತ್ತದೆ. ನಿಜವಾದ ಆತ್ಮವಾದ ‘ಬಲೋಮ’ ವಾಯವ್ಯದಲ್ಲಿರುವ ತುಮಾ ಎಂಬ ಪುಟ್ಟ ದ್ವೀಪಕ್ಕೆ ತೆರಳುತ್ತದೆ. ಅಲ್ಲಿ ತೊಪಿಲೆತ ಎಂಬ ಕಾವಲುಗಾರನು ಮರಣದ ಕಾರಣವನ್ನು ವಿಚಾರಿಸುತ್ತಾನೆ. ಮಾಟ, ವಿಷ, ಯುದ್ಧ ಎಂಬ ಮೂರು ಕಾರಣಗಳಿಗೆ ಮೂರು ದಾರಿಗಳು. ಶವವನ್ನು ಆಭರಣಗಳಿಂದ ಸಿಂಗರಿಸುತ್ತಿದ್ದುದು ಅವನಿಗೆ ಸಲ್ಲಬೇಕಾದ ಕಾಣಿಕೆಗೆಂದೇ. ಪಾಪಪುಣ್ಯಗಳ ಲೆಕ್ಕವನ್ನು ಮಾತ್ರ ಅವನು ಕೇಳುವುದಿಲ್ಲ!

ತುಮಾದಲ್ಲಿ ಬದುಕು ಸುಖಮಯ. ಬಲೋಮಕ್ಕೂ ಮುಪ್ಪು ಬರುತ್ತದೆ; ಆದರೆ ಅದು ಹಾವಿನಂತೆ ಪೊರೆ ಕಳಚಿ ಮರಳಿ ಯೌವನ ಪಡೆಯುತ್ತದೆ. ಕಡೆಗೆ ಆ ಜೀವನವೂ ಸಾಕೆನಿಸಿದಾಗ ‘ವೈವೈಯ’ ಎಂಬ ಶಿಶುರೂಪ ತಾಳಿ, ತನ್ನದೇ ಮಾತೃವಂಶದ ಸ್ತ್ರೀಯೊಬ್ಬಳ ಗರ್ಭವನ್ನು ಸೇರುತ್ತದೆ. ಪುನರ್ಜನ್ಮವುಂಟು, ಕರ್ಮಫಲವಿಲ್ಲ.

ಯಾಮ್ ಗೆಡ್ಡೆಯ ಕೊಯ್ಲಿನ ನಂತರದ ‘ಮಿಲಮಲ’ ಹಬ್ಬಕ್ಕೆ ಬಲೋಮಗಳು ಊರಿಗೆ ಬರುತ್ತವೆಂಬ ನಂಬಿಕೆಯಿತ್ತು. ಅವುಗಳಿಗಾಗಿ ಅಡುಗೆ ಬಡಿಸಿ, ಬೆಲೆಬಾಳುವ ವಸ್ತುಗಳನ್ನು ಹರವಿಡುತ್ತಿದ್ದರು. ಹಬ್ಬ ಮುಗಿದೊಡನೆ ಡೋಲು ಬಾರಿಸಿ ಅವುಗಳನ್ನು ಬೀಳ್ಕೊಡುತ್ತಿದ್ದರು. ಹಬ್ಬದಲ್ಲಿಯೂ ಸಾವಿನ ಶೋಕದಲ್ಲಿಯೂ ಹಾಡುವ ‘ವೋಸಿ ಮಿಲಮಲ’ ಎಂಬ ಹಾಡುಗಳಲ್ಲಿ ತುಮಾದ ಪ್ರಣಯಸುಖಗಳ ವರ್ಣನೆಯಿದೆ. ಇವುಗಳ ಭಾಷೆ ನಿತ್ಯದ ಕಿಲಿವಿಲಾ ಅಲ್ಲ; ‘ಬಿಗ ಬಲೋಮ’, ಅಂದರೆ ಸತ್ತವರ ಮಾತು ಎಂದು ಕರೆಯಲ್ಪಡುವ ಪ್ರಾಚೀನ ರೂಪ.

1894ರಲ್ಲಿ ಮೆಥಡಿಸ್ಟ್ ಮಿಷನ್ ಇಲ್ಲಿ ನೆಲೆಯೂರಿತು. ಕ್ರೈಸ್ತ ಸ್ವರ್ಗದ ಕಲ್ಪನೆ ಬೇರೂರಿದಂತೆ ತುಮಾದ ಮಹತ್ವ ಕುಗ್ಗತೊಡಗಿತು. 1982ರಿಂದ ಇಲ್ಲಿ ಅಧ್ಯಯನ ನಡೆಸಿದ ಜರ್ಮನ್ ಭಾಷಾವಿಜ್ಞಾನಿ ಗುಂಟರ್ ಝೆನ್ಫ್ಟ್ ಈ ಹಾಡುಗಳನ್ನು ಸಂಗ್ರಹಿಸಿ 2011ರಲ್ಲಿ ಗ್ರಂಥರೂಪಕ್ಕೆ ತಂದರು. ಕಿಲಿವಿಲಾ ಇಂದಿಗೂ ಮನೆಮನೆಯ ಮಾತು. ಆದರೆ ಈ ಹಾಡುಗಳ ಅರ್ಥ ಬಲ್ಲವರು ಬೆರಳೆಣಿಕೆಯ ವೃದ್ಧರು ಮಾತ್ರವೆಂದು ಅವರು ದಾಖಲಿಸಿದ್ದಾರೆ. ಕಿರಿಯರು ಹಾಡುತ್ತಿದ್ದುದು ಬಾಯಿಪಾಠದಿಂದ.