ಹಾಜರಿ ಲೆಕ್ಕ ಹೇಳದೆ ಬಿಟ್ಟದ್ದು: ಸೇಂಟ್ ಲೂಯಿಸ್ ನಗರದ ಒಂದು ಸಾರ್ವಜನಿಕ ಈಜುಕೊಳ, 1913–1956

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಾಡಳಿತ ನಡೆಸುತ್ತಿದ್ದ ಫೇರ್‌ಗ್ರೌಂಡ್ ಪಾರ್ಕ್ ಈಜುಕೊಳದಲ್ಲಿ 1948ರ ಬೇಸಿಗೆಯ ಹಾಜರಿ 3,13,000. ಎರಡು ವರ್ಷ ಕಳೆದು 1950ಕ್ಕೆ ಬಂದರೆ ಅದು ಐದನೇ ಒಂದು ಪಾಲಿಗಿಂತ ಕೆಳಗಿಳಿದಿತ್ತು. ಆಮೇಲೆ ಚೇತರಿಸಿಕೊಳ್ಳಲಿಲ್ಲ. 1956ರಲ್ಲಿ ಕೊಳವನ್ನೇ ಮುಚ್ಚಲಾಯಿತು. ಇಷ್ಟನ್ನು ಮಾತ್ರ ಮುಂದಿಟ್ಟರೆ ಯಾವ ಕಚೇರಿಯ ಗುಮಾಸ್ತನಾದರೂ ‘ಸಾರ್ವಜನಿಕರ ಆಸಕ್ತಿ ಕುಂದಿದ ಕಾರಣ ಸ್ಥಗಿತ’ ಎಂದು ಷರಾ ಬರೆದು ಕಡತ ಮುಚ್ಚಬಹುದು. ಆ ಷರಾ ಏಕೆ ನಿಲ್ಲುವುದಿಲ್ಲ ಎಂಬುದೇ ಈ ಟಿಪ್ಪಣಿಯ ವಿಷಯ. ಅಮೆರಿಕದ ಈಜುಕೊಳಗಳ ಚರಿತ್ರೆಗೆ ಜೆಫ್ ವಿಲ್ಟ್ಸಿ ಅವರ ‘ಕಂಟೆಸ್ಟೆಡ್ ವಾಟರ್ಸ್’ (2007) ಮುಖ್ಯ ಆಕರ. ಅವರ ವಾದದ ದಾರಿಯಲ್ಲೇ ಹೋಗಿ ಅಂಕಿಗಳನ್ನು ಮಾತ್ರ ಇನ್ನಷ್ಟು ಹತ್ತಿರದಿಂದ ನೋಡುತ್ತೇನೆ.

ಮೊದಲಿಗೆ, ಈ 3,13,000 ಎಂಬುದು ಜನರ ಸಂಖ್ಯೆಯಲ್ಲ, ನೀರಿಗಿಳಿದ ಸಲಗಳ ಸಂಖ್ಯೆ. ಒಬ್ಬ ಹುಡುಗ ಬೇಸಿಗೆಯಲ್ಲಿ ನಲವತ್ತು ಸಲ ಬಂದರೆ ಲೆಕ್ಕದಲ್ಲಿ ನಲವತ್ತೇ. ಮೂರು ತಿಂಗಳ ಅವಧಿ ಎಂದುಕೊಂಡರೆ ದಿನಕ್ಕೆ ಸರಾಸರಿ 3,400 ಬೀಳುತ್ತದೆ. ಬೇರೆ ಕೊಳವಾಗಿದ್ದರೆ ಈ ಸಂಖ್ಯೆಯನ್ನು ನಂಬುವುದು ಕಷ್ಟವಿತ್ತು. ಆದರೆ 1913ರಲ್ಲಿ ತೆರೆದ ಈ ವೃತ್ತಾಕಾರದ ಕೊಳದ ಅಡ್ಡಳತೆಯೇ 400 ಅಡಿಗೂ ಹೆಚ್ಚು. ಒಂದೇ ಹೊತ್ತಿಗೆ ಹತ್ತು ಸಾವಿರ ಮಂದಿ ಹಿಡಿಸುತ್ತಾರೆಂಬ ಖ್ಯಾತಿ ಅದಕ್ಕಿತ್ತು.

ಇನ್ನು 1950ರ ಕುಸಿತಕ್ಕೆ ಸುಲಭವಾಗಿ ಹೊಳೆಯುವ ಕಾರಣಗಳು. ಆ ವರ್ಷ ಕೊಳ ಎಲ್ಲರಿಗೂ ತೆರೆದದ್ದು ಜುಲೈ ತಿಂಗಳ ನ್ಯಾಯಾಲಯದ ಆದೇಶದ ಮೇಲೆ. ಹಂಗಾಮಿನ ಒಂದು ಭಾಗ ಅಷ್ಟರಲ್ಲಿ ಕಳೆದಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ರಿಯಾಯಿತಿ ಕೊಟ್ಟು ಹಾಜರಿಯನ್ನು ಎರಡು ಪಟ್ಟು ಮಾಡಿ ನೋಡಿದರೂ 1948ರ ಅರ್ಧ ಮುಟ್ಟುವುದಿಲ್ಲ. ಜನಸಂಖ್ಯೆ ಇಳಿದಿರಬಹುದೇ? ಸೇಂಟ್ ಲೂಯಿಸ್‌ನ ಚರಿತ್ರೆಯಲ್ಲೇ ಅತಿ ಹೆಚ್ಚಿನ ಜನಗಣತಿ ಸಂಖ್ಯೆ 1950ರದು: 8,56,796. ಊರು ಖಾಲಿಯಾಗತೊಡಗಿದ್ದು ಆಮೇಲೆ, 1960ರಲ್ಲಿ 7,50,026. ಪೋಲಿಯೊ ಭಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಆ ದಶಕದ ಅಮೆರಿಕನ್ ತಾಯಂದಿರು ಬೇಸಿಗೆ ಬಂದರೆ ಮಕ್ಕಳನ್ನು ಕೊಳದ ಕಡೆ ಕಳಿಸಲು ಹೆದರುತ್ತಿದ್ದರು, ಎಷ್ಟೋ ಊರುಗಳು ಕೊಳಗಳಿಗೆ ಬೀಗ ಹಾಕಿದ್ದವು. ಆದರೆ 1948ರಲ್ಲೂ ದೇಶದಲ್ಲಿ ಇಪ್ಪತ್ತೇಳು ಸಾವಿರದಷ್ಟು ಪ್ರಕರಣಗಳಿದ್ದವು, ಆ ವರ್ಷವೇ ಕೊಳ ತುಂಬಿ ತುಳುಕಿತ್ತು. ರೋಗದ ಭಯ ಹಾಜರಿಯನ್ನು ಒಂದಷ್ಟು ತಗ್ಗಿಸೀತು. ಒಂದೆರಡು ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಅಳಿಸಿಹಾಕುವ ಬಲ ಅದಕ್ಕಿರಲಿಲ್ಲ.

ಉಳಿದದ್ದು 1949ರ ಜೂನ್ 21. ಅಲ್ಲಿಯವರೆಗೆ ಈ ಕೊಳ ಬಿಳಿಯರದ್ದು ಮಾತ್ರ. ನಗರದ ಲೋಕಕಲ್ಯಾಣ ಇಲಾಖೆಯ ನಿರ್ದೇಶಕ ಜಾನ್ ಓಟೂಲ್ ಹೊರಾಂಗಣ ಕೊಳಗಳಿಗೆ ಕಪ್ಪು ಜನರನ್ನೂ ಬಿಡಬೇಕೆಂದು ಸೂಚಿಸಿದ್ದರು. ಅಂದು ಮಧ್ಯಾಹ್ನ ಸುಮಾರು ಮೂವತ್ತು ಕಪ್ಪು ಮಕ್ಕಳು ಒಳಗೆ ಹೋಗಿ ಬಿಳಿ ಮಕ್ಕಳ ಜೊತೆ ಈಜಿದರು. ನೀರಿನಲ್ಲಿ ಜಗಳವಾಗಲಿಲ್ಲ. ಜಗಳ ಶುರುವಾದದ್ದು ಬೇಲಿಯಾಚೆ. ಅಲ್ಲಿ ಬಿಳಿ ಹುಡುಗರ ಗುಂಪು ಬೆಳೆಯುತ್ತ ಹೋಯಿತು, ಕೊಳದಿಂದ ಹೊರಬಂದ ಮಕ್ಕಳನ್ನು ಪೊಲೀಸರು ಸುತ್ತುಗಟ್ಟಿ ಕರೆದೊಯ್ಯಬೇಕಾಯಿತು. ಸಂಜೆಗೆ ಉದ್ಯಾನದ ಸುತ್ತ ಸಾವಿರಾರು ಮಂದಿ. ದೊಣ್ಣೆ, ಬೇಸ್‌ಬಾಲ್ ಬ್ಯಾಟುಗಳ ಹೊಡೆದಾಟ. ಮೇಯರ್ ಜೋಸೆಫ್ ಡಾರ್ಸ್ಟ್ ಅದೇ ದಿನ ಆದೇಶವನ್ನು ಹಿಂತೆಗೆದುಕೊಂಡರು. ನಡೆದದ್ದೇನೆಂದು ವರದಿ ಬರೆಯಲು ಡೆಟ್ರಾಯಿಟ್‌ನಿಂದ ಜಾರ್ಜ್ ಶರ್ಮರ್ ಅವರನ್ನು ಕರೆಸಲಾಯಿತು. ಮರುವರ್ಷ ಫೆಡರಲ್ ನ್ಯಾಯಾಲಯ ನಗರದ ಮಾತನ್ನು ಒಪ್ಪದೆ, ಕೊಳ ಎಲ್ಲ ನಾಗರಿಕರಿಗೂ ತೆರೆದಿರಬೇಕೆಂದಿತು. ಬೇಲಿಯಾಚೆ ನಿಂತಿದ್ದವರು ಒಳಗೆ ಬರುವುದನ್ನೇ ಬಿಟ್ಟರು.

ಗ್ರಂಥಾಲಯದಲ್ಲೋ ಉದ್ಯಾನದ ಬೆಂಚಿನಲ್ಲೋ ಕಾಣದ ಇಷ್ಟೊಂದು ಸಿಟ್ಟು ಈಜುಕೊಳದಲ್ಲೇ ಏಕೆ? ವಿಲ್ಟ್ಸಿ ಅವರ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಉತ್ತರದ ನಗರಗಳು ಕಟ್ಟಿಸಿದ ಕೊಳಗಳು ಬಡ ಕಾರ್ಮಿಕರ ಸ್ನಾನಕ್ಕೆಂದು ಇದ್ದವು. ಗಂಡಸರಿಗೊಂದು ದಿನ, ಹೆಂಗಸರಿಗೊಂದು ದಿನ. ಗಂಡಸರ ದಿನ ಬಿಳಿ, ಕಪ್ಪು ಹುಡುಗರು ಒಟ್ಟಿಗೇ ನೀರಿಗೆ ಹಾರುತ್ತಿದ್ದರು, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಗಂಡುಹೆಣ್ಣು ಒಟ್ಟಿಗೆ ಈಜಲು ಅವಕಾಶ ಸಿಕ್ಕ ಮೇಲೆ ಬಣ್ಣದ ಗೆರೆ ಬಿತ್ತು. ಫೇರ್‌ಗ್ರೌಂಡ್ ಪಾರ್ಕ್ ಈ ತಿರುವಿನ ಮೊದಲ ಉದಾಹರಣೆಗಳಲ್ಲೊಂದು: ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ಕೊಳವೇ ಕಪ್ಪು ಜನರಿಗೆ ಬಾಗಿಲು ಮುಚ್ಚಿತು. ಎಲ್ಲ ಕಡೆ ಇದು ಬಾಯಿಬಿಟ್ಟು ಹೇಳುವ ನಿಯಮವೂ ಆಗಿರಲಿಲ್ಲ. 1931ರಲ್ಲಿ ಪಿಟ್ಸ್‌ಬರ್ಗ್‌ನ ಹೈಲ್ಯಾಂಡ್ ಪಾರ್ಕ್ ಕೊಳದ ಬಾಗಿಲಲ್ಲಿ ಆರೋಗ್ಯ ಪ್ರಮಾಣಪತ್ರ ಕೇಳುತ್ತಿದ್ದರು, ಕಪ್ಪು ಜನರನ್ನು ಮಾತ್ರ.

ನಮ್ಮ ಓದುಗರಿಗೆ ಇಲ್ಲಿ ಮಹಾಡ್ ನೆನಪಾಗದೆ ಇರದು. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ಎಸ್.ಕೆ. ಬೋಲೆ ಅವರ ನಿರ್ಣಯವನ್ನು ಮುಂಬಯಿ ಶಾಸನಸಭೆ 1923ರಲ್ಲಿ ಒಪ್ಪಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಕೂಡ ಆಗ ಅದೇ ಪ್ರಾಂತದಲ್ಲಿದ್ದವು. ಮಹಾಡ್ ಪುರಸಭೆ ಮರುವರ್ಷವೇ ಚವದಾರ್ ಕೆರೆ ಎಲ್ಲರದು ಎಂದು ಠರಾವು ಮಾಡಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಂಗಡಿಗರು ಹೋಗಿ ನೀರು ಮುಟ್ಟುವವರೆಗೂ ಠರಾವು ಕಾಗದದಲ್ಲೇ ಇತ್ತು, ಮುಟ್ಟಿದ ಕೆಲವೇ ತಿಂಗಳಲ್ಲಿ ಪುರಸಭೆ ಅದನ್ನು ರದ್ದು ಮಾಡಿತು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಅಲ್ಲಿ ಕುಡಿಯುವ ನೀರಿನ ಮೈಲಿಗೆಯ ಪ್ರಶ್ನೆ, ಇಲ್ಲಿ ಅರೆಬಟ್ಟೆಯ ಮೈಗಳ ಸಾಮೀಪ್ಯದ ಪ್ರಶ್ನೆ. ಆದರೂ ಆದೇಶದ ದಿನಾಂಕ ಬೇರೆ, ಬಳಕೆಯ ದಿನಾಂಕ ಬೇರೆ ಎಂಬುದು ಎರಡೂ ಕಡೆ ನಿಜ.

ಹಾಜರಿಗೆ ಮರಳೋಣ. ಮೂಲಾಂಕವಾಗಿ 1948ನ್ನು ಹಿಡಿಯುವುದರಲ್ಲೇ ತಪ್ಪಿದೆ. ನಗರದ ಜನರಲ್ಲಿ ಶೇ. 18ರಷ್ಟಿದ್ದ ಕಪ್ಪು ಸಮುದಾಯವನ್ನು ಗೇಟಿನಲ್ಲೇ ತಡೆದು ಪಡೆದ ಸಂಖ್ಯೆ ಅದು. ‘ಎಲ್ಲರ ಕೊಳ’ವಾಗಿ ಅದರ ಹಾಜರಿ ಶುರುವಾಗುವುದೇ 1950ರಿಂದ. ಬಿಟ್ಟುಹೋದ ಬಿಳಿಯರು ಈಜುವುದನ್ನು ಬಿಟ್ಟರೇ? ಇಲ್ಲ. 1950ರಿಂದ 1962ರ ನಡುವೆ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಖಾಸಗಿ ಈಜು ಕ್ಲಬ್ಬುಗಳು ಹುಟ್ಟಿದವು, ಹೆಚ್ಚಿನವು ಉಪನಗರಗಳಲ್ಲಿ. ಮನೆಯಂಗಳದಲ್ಲಿ ನೆಲ ತೋಡಿ ಕಟ್ಟಿದ ಕೊಳ 1950ರಲ್ಲಿ ಎರಡೂವರೆ ಸಾವಿರ ಕುಟುಂಬಗಳಿಗಿತ್ತು. ಶತಮಾನದ ಕೊನೆಗೆ ನಲವತ್ತು ಲಕ್ಷ. ಇವರ ಒಂದು ಸಲದ ಈಜೂ ನಗರಾಡಳಿತದ ಪುಸ್ತಕದಲ್ಲಿ ಬೀಳುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಕಾಣುವುದು ಕುಸಿತ, ನಡೆದದ್ದು ಸ್ಥಳಾಂತರ.

ಮಿಸಿಸಿಪಿಯ ಜಾಕ್ಸನ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆರೆತು ಈಜುವ ಪ್ರಮೇಯವೇ ಬಾರದಂತೆ ಸಾರ್ವಜನಿಕ ಕೊಳಗಳನ್ನು ಮುಚ್ಚಿತು. ಬಾಗಿಲು ಎಲ್ಲರಿಗೂ ಸಮಾನವಾಗಿ ಮುಚ್ಚಿರುವಾಗ ತಾರತಮ್ಯ ಎಲ್ಲಿ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1971ರ ಪಾಮರ್ ಪ್ರಕರಣದಲ್ಲಿ 5–4ರ ಬಹುಮತದಿಂದ ಒಪ್ಪಿತು. ಹಾಜರಿ ಸೊನ್ನೆಯಾದರೆ ಅದನ್ನು ಜನಾಂಗವಾರು ಹಂಚಿ ತೋರಿಸುವ ಕಷ್ಟವೂ ಇಲ್ಲ.

2017ರ ಒಂದು ಸಮೀಕ್ಷೆಯ ಪ್ರಕಾರ ಅಮೆರಿಕದ ಕಪ್ಪು ಮಕ್ಕಳಲ್ಲಿ ಶೇ. 64ರಷ್ಟು ಮಂದಿಗೆ ಈಜು ಬಾರದು, ಇಲ್ಲವೇ ಅಲ್ಪಸ್ವಲ್ಪ ಬರುತ್ತದೆ. ಬಿಳಿ ಮಕ್ಕಳಲ್ಲಿ ಶೇ. 40. ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಈಜುಕೊಳದಲ್ಲಿ ಮುಳುಗಿ ಸಾಯುವ ಪ್ರಮಾಣ ಕಪ್ಪು ಮಕ್ಕಳಲ್ಲಿ ಬಿಳಿ ಮಕ್ಕಳಿಗಿಂತ 7.6 ಪಟ್ಟು ಹೆಚ್ಚೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಇದನ್ನೆಲ್ಲ ತಂದು ಒಂದು ಕೊಳದ ತಲೆಗೆ ಕಟ್ಟುವುದು ಅವಸರವಾದೀತು. ಆದಾಯ, ವಾಸದ ಸ್ಥಳ, ಕಲಿಸುವವರ ಕೊರತೆ ಎಲ್ಲವೂ ಇಲ್ಲಿ ಕೆಲಸ ಮಾಡಿವೆ. ಆದರೆ ಈಜು ಬಾರದ ತಂದೆತಾಯಿಯ ಮಕ್ಕಳು ಈಜು ಕಲಿಯುವುದು ಅಪರೂಪ. 1950ರ ನಂತರ ಫೇರ್‌ಗ್ರೌಂಡ್ ಪಾರ್ಕಿಗೆ ಬರುತ್ತಿದ್ದವರಲ್ಲಿ ಕಪ್ಪು ಮಕ್ಕಳೇ ಹೆಚ್ಚು. 1956ರಲ್ಲಿ ಹಾಜರಿ ಸಾಲದೆಂದು ಬಾಗಿಲು ಹಾಕಿದಾಗ ಕೊಳ ಕಳೆದುಕೊಂಡವರು ಅವರು.