ಕಿವಿ ಕೇಳದ ಬಾಲಣ್ಣ ಕಟ್ಟಲು ಹೊರಟ ಮನೆ

ಹಾಲಿವುಡ್ಡಿನ ಹಳೇ ಕಪ್ಪು-ಬಿಳುಪು ಚಿತ್ರಗಳಲ್ಲಿ ಒಂದು ತಮಾಷೆ ಇದೆ. ಹೀರೋ ಬದಲಾಗ್ತಾನೆ, ಪಕ್ಕದ ಮುದುಕನ ಮುಖ ಮಾತ್ರ ಅದೇ! ವಾಲ್ಟರ್ ಬ್ರೆನನ್ ಅಂಥವನೊಬ್ಬ. 1936, 1938, 1940ರ ಚಿತ್ರಗಳಿಗೆ ಮೂರು ಸಲ ಪೋಷಕ ನಟನ ಆಸ್ಕರ್ ಗೆದ್ದವನು. ಅಂಥವರ ಬೆನ್ನಿಗೆ ದೊಡ್ಡ ಸ್ಟುಡಿಯೋಗಳಿದ್ದವು.

ನಮ್ಮಲ್ಲಿ ಅಂಥ ಮುಖ ಯಾರದು ಅಂದ್ರೆ ನನಗೆ ಮೊದಲು ಹೊಳೆಯೋದು ಟಿ.ಎನ್. ಬಾಲಕೃಷ್ಣ, ಅಂದರೆ ನಮ್ಮ ಬಾಲಣ್ಣ. ಅರಸೀಕೆರೆ ಕಡೆಯವರು. ವೃತ್ತಿ ನಾಟಕಗಳಲ್ಲಿ ಪಳಗಿ, 1943ರ 'ರಾಧಾರಮಣ'ದಿಂದ ಸಿನಿಮಾಕ್ಕೆ ಬಂದರು. ಹಾಸ್ಯ, ಖಳ, ಜಿಪುಣ, ಊರ ಹಿರಿಯ... ಹೀಗೆ ಐನೂರಕ್ಕೂ ಹೆಚ್ಚು ಚಿತ್ರಗಳು. 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪನನ್ನು ಮರೆತ ಕನ್ನಡಿಗ ಉಂಟೇ?

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಕಿವಿ ಕೇಳ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡೀತಿದ್ದರು. ಒಂದು ಮಾತು ತಪ್ಪಿದರೂ ದುಬಾರಿ ಫಿಲ್ಮ್ ದಂಡವಾಗುತ್ತಿದ್ದ ಕಾಲ ಅದು. ಹಾಸ್ಯಕ್ಕೆ ಸಮಯಪ್ರಜ್ಞೆಯೇ ಜೀವ ಬೇರೆ. ಅದನ್ನು ಅವರು ಬರೀ ಕಣ್ಣಿಂದ ಸಾಧಿಸಿದರು ಅನ್ನೋದು ಸಣ್ಣ ಮಾತಲ್ಲ.

ಆದರೆ ನಾನು ಹೇಳಬೇಕಿರೋದು ಇನ್ನೊಂದು. ಆಗ ಕನ್ನಡ ಚಿತ್ರರಂಗವೂ ನಮ್ಮ ಹಾಗೆ ವಲಸಿಗನೇ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇದ್ದರೂ ಹೆಚ್ಚಿನ ಕೆಲಸ ನಡೀತಿದ್ದದ್ದು ಮದರಾಸಿನಲ್ಲಿ. ಕೈಗೆ ಕೆಲಸ ಕಡಿಮೆಯಾದಾಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಣ್ಣ ಸೇರಿ ಕಲಾವಿದರ ಸಂಘ ಕಟ್ಟಿದರು, ಊರೂರು ಸುತ್ತಿ ನಾಟಕ ಆಡಿದರು. ಆ ಸಂಘದಿಂದಲೇ 1960ರಲ್ಲಿ 'ರಣಧೀರ ಕಂಠೀರವ' ಬಂತು.

ಬಾಲಣ್ಣ ಅಲ್ಲಿಗೇ ನಿಲ್ಲಲಿಲ್ಲ. ಕನ್ನಡ ಸಿನಿಮಾಕ್ಕೆ ಸ್ವಂತ ಮನೆ ಬೇಕು ಅಂತ 1960ರ ದಶಕದಲ್ಲಿ ಬೆಂಗಳೂರಿನ ಕೆಂಗೇರಿ ಹತ್ತಿರ, ಸರ್ಕಾರ ಕೊಟ್ಟ 20 ಎಕರೆಯಲ್ಲಿ 'ಅಭಿಮಾನ್' ಸ್ಟುಡಿಯೋ ಶುರು ಮಾಡಿದರು.

ತಾರ್ನಾಕದಲ್ಲಿ ಕೂತು ಇದನ್ನು ಬರೆಯುವಾಗ ಹೋಲಿಕೆ ತಾನಾಗಿ ಬರುತ್ತೆ. ತೆಲುಗು ಸಿನಿಮಾನೂ ಮದರಾಸಿಂದ ಹೈದರಾಬಾದಿಗೆ ಬಂದದ್ದೇ. ಅಮೀರ್‌ಪೇಟೆಯಲ್ಲಿ ಸಾರಥಿ ಸ್ಟುಡಿಯೋ 1950ರ ದಶಕದಲ್ಲೇ ಎದ್ದಿತ್ತು. 1970ರ ದಶಕದಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ಅನ್ನಪೂರ್ಣ ಕಟ್ಟಿದವರು ಅಕ್ಕಿನೇನಿ ನಾಗೇಶ್ವರರಾವ್. ಅವರು ದೊಡ್ಡ ನಾಯಕನಟರು, ಅವರ ಹೆಸರಿಗೇ ಬಂಡವಾಳ ಹುಟ್ಟುತ್ತಿತ್ತು. ನಮ್ಮಲ್ಲಿ ಆ ಭಾರ ಹೊತ್ತದ್ದು ಪೋಷಕ ಪಾತ್ರಗಳ ಸಂಭಾವನೆ ನಂಬಿದ್ದ ಒಬ್ಬ ನಟ. ಸ್ಟುಡಿಯೋ ಅವರಿಗೆ ಲಾಭ ತರಲಿಲ್ಲ, ಸಂಕಷ್ಟ ತಂತು. 1995ರ ಜುಲೈ 19ರಂದು ಬಾಲಣ್ಣ ತೀರಿಕೊಂಡರು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ಇದೇ ಅಭಿಮಾನ್ ಸ್ಟುಡಿಯೋದಲ್ಲಿ. 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ಸಮಾಧಿಯನ್ನು ನೆಲಸಮ ಮಾಡಿದಾಗ ಅಭಿಮಾನಿಗಳಿಗಾದ ನೋವು ನಮಗೂ ಆಯಿತು. ಆದರೆ ಆ ನೆಲಕ್ಕೆ ಇನ್ನೂ ಹಳೆಯ ಕಥೆ ಇದೆ ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿರಲಿ. ಕನ್ನಡ ಸಿನಿಮಾ ಪರಊರಲ್ಲಿ ಬಾಡಿಗೆಗಿರಬಾರದು ಅಂತ ಹಟ ಹಿಡಿದವರಲ್ಲಿ ಒಬ್ಬರಿಗೆ, ಶಿಳ್ಳೆ-ಚಪ್ಪಾಳೆಯ ಸದ್ದೂ ಕೇಳ್ತಿರಲಿಲ್ಲ.

ಟಿವಿಯಲ್ಲಿ 'ಬಂಗಾರದ ಮನುಷ್ಯ' ಬಂದಾಗ ಒಮ್ಮೆ ರಾಚೂಟಪ್ಪನ ಕಣ್ಣುಗಳನ್ನೇ ನೋಡಿ. ನಿಮಗೇನು ಕಂಡಿತು, ಬರೆಯಿರಿ.